ಗಾಲಿಗೆ ಗಾಳಿ ತುಂಬಿದ ಪಶುವೈದ್ಯ

ಗುಂಡ್ಲುಪೇಟೆಯು ದಾರಿಗಳು ಕೂಡುವ ಊರು. ಮೈಸೂರಿನಿಂದ ನಂಜನಗೂಡು, ಬೇಗೂರುಗಳ ಮೇಲೆ ಬರುವ ಹೆದ್ದಾರಿಯು ಇಲ್ಲಿ ಎರಡಾಗಿ ಕವಲೊಡೆಯುತ್ತದೆ. ಒಂದು ಕವಲು ಬಂಡೀಪುರದ ಅರಣ್ಯವನ್ನು ಹಾದು ಉದಕಮಂಡಲದತ್ತ ಏರಿದರೆ, ಇನ್ನೊಂದು ಕವಲು ಮದ್ದೂರು, ಮೂಲೆಹೊಳೆಗಳನ್ನು ದಾಟಿ ಕೇರಳದ ಸುಲ್ತಾನ್ ಬತ್ತೇರಿಯತ್ತ ಸಾಗುತ್ತದೆ. ಪೂರ್ವಕ್ಕೆ ಹೊರಟ ಮತ್ತೊಂದು ದಾರಿಯು ತೆರಕಣಾಂಬಿಯ ಮೇಲೆ ಚಾಮರಾಜನಗರವನ್ನು ಸೇರುತ್ತದೆ. ಅಲ್ಲಿಂದ ಮುಂದೆ ಹಾಸನೂರಿನ ಕಾಡನ್ನು ದಾಟಿ, ದಿಂಬಂ ಘಟ್ಟದ 27 ಕಡಿದಾದ ತಿರುವುಗಳನ್ನು ಇಳಿದರೆ ತಮಿಳುನಾಡಿನ ಬಯಲು. ಹಗಲೆಲ್ಲ ಈ ದಾರಿಗಳಲ್ಲಿ ತರಕಾರಿ ತುಂಬಿದ ಲಾರಿಗಳು, ಶಾಲೆಗೆ ಹೋಗುವ ಮಕ್ಕಳ ಸೈಕಲ್ಲುಗಳು, ಹೊಲದಿಂದ ಬರುವ ಎತ್ತಿನ ಗಾಡಿಗಳು, ಗುಡುಗುಡಿಸುತ್ತ ಧಾವಿಸುವ ಮೋಟಾರು ಸೈಕಲ್ಲುಗಳು ಓಡಾಡುತ್ತಲೇ ಇರುತ್ತವೆ. ಇವುಗಳ ರೂಪ ಬೇರೆ, ವೇಗ ಬೇರೆ, ಬೆಲೆ ಬೇರೆ. ಆದರೆ ಇವೆಲ್ಲಕ್ಕೂ ಆಧಾರವಾಗಿರುವುದು ಒಂದೇ ವಸ್ತು. ಅದು ರಬ್ಬರಿನ ಬಳೆಯೊಳಗೆ ಸೆರೆಯಾಗಿರುವ ಗಾಳಿ. ಕಣ್ಣಿಗೆ ಕಾಣದ ಈ ಗಾಳಿಯನ್ನು ಗಾಲಿಯ ಸೇವೆಗೆ ತಂದು, ಜಗತ್ತಿನ ಸಂಚಾರದ ರೀತಿಯನ್ನೇ ಬದಲಿಸಿದವನು ಯಂತ್ರಶಿಲ್ಪಿಯಲ್ಲ, ವಿಜ್ಞಾನದ ಪ್ರಾಧ್ಯಾಪಕನೂ ಅಲ್ಲ. ದನಕುದುರೆಗಳಿಗೆ ಮದ್ದು ಕೊಡುತ್ತಿದ್ದ ಒಬ್ಬ ಪಶುವೈದ್ಯ. ಅವನೇ ಜಾನ್ ಬಾಯ್ಡ್ ಡನ್‌ಲಪ್.

ಗಾಲಿಯು ಮಾನವನ ಅತ್ಯಂತ ಪ್ರಾಚೀನವಾದ ಉಪಕರಣಗಳಲ್ಲಿ ಒಂದು. ಆದರೆ ಸಾವಿರಾರು ವರ್ಷಗಳ ಕಾಲ ಅದು ಗಡುಸಾಗಿಯೇ ಉಳಿದಿತ್ತು. ಮರದಿಂದ ಮಾಡಿದ ಗಾಲಿಯ ಸುತ್ತ ಕಾಯಿಸಿದ ಕಬ್ಬಿಣದ ಪಟ್ಟಿಯನ್ನು ಬಿಗಿಯುವುದೇ ಅದರ ಕೊನೆಯ ಸುಧಾರಣೆಯಾಗಿತ್ತು. ನಮ್ಮ ನಾಡಿನ ಎತ್ತಿನ ಗಾಡಿಗೂ, ಯೂರೋಪಿನ ಶ್ರೀಮಂತರ ಸಾರೋಟಿಗೂ ಇದರಲ್ಲಿ ಭೇದವಿರಲಿಲ್ಲ. ಇಂತಹ ಗಾಲಿಗೆ ಎದುರಾಗಿ ಒಂದು ಕಲ್ಲು ಬಂದರೆ ಇಡೀ ಗಾಡಿಯೇ ಹೇರಿನ ಸಮೇತ ಆ ಕಲ್ಲಿನ ಮೇಲೇರಿ ಮತ್ತೆ ಧೊಪ್ಪನೆ ಇಳಿಯಬೇಕು. ಹಾಗೆ ಏರಿಸುವ ಶ್ರಮವು ಎಳೆಯುವ ಎತ್ತಿನ ಹೆಗಲಿಗೆ, ಇಳಿಯುವ ಪೆಟ್ಟು ಕುಳಿತವನ ಬೆನ್ನಿಗೆ. ದಾರಿಯೆಂದರೆ ಇಷ್ಟೇ ಎಂದು ಜನರು ತಲೆಮಾರುಗಳಿಂದ ಒಪ್ಪಿಕೊಂಡು ಬಂದಿದ್ದರು.

ಡನ್‌ಲಪ್ಪನು 1840ನೆಯ ಇಸವಿಯ ಫೆಬ್ರವರಿ 5ರಂದು ಸ್ಕಾಟ್ಲೆಂಡಿನ ಡ್ರೆಗ್‌ಹಾರ್ನ್ ಎಂಬ ಹಳ್ಳಿಯ ಒಂದು ರೈತ ಕುಟುಂಬದಲ್ಲಿ ಜನಿಸಿದನು. ತಿಂಗಳು ತುಂಬುವ ಮೊದಲೇ ಹುಟ್ಟಿದ ಮಗುವಾದುದರಿಂದ ಅವನ ಆರೋಗ್ಯದ ವಿಷಯದಲ್ಲಿ ಮನೆಯವರಿಗೆ ಸದಾ ಆತಂಕ. ಹೊಲದ ಕೆಲಸ ಇವನಿಂದ ಆಗದೆಂದು ಅವನನ್ನು ಓದಿಗೆ ಹಚ್ಚಿದರು. ಹುಟ್ಟಿದ ದಿನದಿಂದ ದನಕರುಗಳ ನಡುವೆ ಬೆಳೆದ ಹುಡುಗನು ಪಶುವೈದ್ಯವನ್ನು ಆರಿಸಿಕೊಂಡದ್ದು ಸಹಜವೇ ಆಗಿತ್ತು. ಎಡಿನ್‌ಬರೋ ನಗರದ ಪಶುವೈದ್ಯ ಶಾಲೆಯಲ್ಲಿ ಕಲಿತು, ಹತ್ತೊಂಬತ್ತರ ಹರೆಯದಲ್ಲಿಯೇ ಅವನು ವೈದ್ಯನಾಗಿ ಹೊರಬಂದನು. ಸುಮಾರು ಹತ್ತು ವರ್ಷ ತಾಯ್ನಾಡಿನಲ್ಲಿ ಕೆಲಸ ಮಾಡಿ, 1867ರಲ್ಲಿ ಸಮುದ್ರವನ್ನು ದಾಟಿ ಐರ್ಲೆಂಡನ್ನು ಸೇರಿದನು. ಅಲ್ಲಿ ಅವನು ನೆಲೆಸಿದ ನಗರ ಬೆಲ್‌ಫಾಸ್ಟ್. 1871ರಲ್ಲಿ ಮಾರ್ಗರೆಟ್ ಸ್ಟೀವನ್‌ಸನ್ ಎಂಬಾಕೆಯನ್ನು ವಿವಾಹವಾಗಿ, ಒಬ್ಬ ಮಗ ಮತ್ತು ಒಬ್ಬ ಮಗಳನ್ನು ಪಡೆದನು.

ಆ ಕಾಲದ ನಗರಗಳು ಕುದುರೆಗಳ ಬಲದಿಂದಲೇ ನಡೆಯುತ್ತಿದ್ದವು. ಸಾಮಾನು ಸಾಗಿಸುವ ಬಂಡಿ, ಜನರನ್ನು ಒಯ್ಯುವ ಟ್ರಾಮು, ವೈದ್ಯನ ಸವಾರಿ ಎಲ್ಲಕ್ಕೂ ಕುದುರೆಯೇ ಬೇಕು. ಹೀಗಿರುವಲ್ಲಿ ಒಳ್ಳೆಯ ಪಶುವೈದ್ಯನಿಗೆ ಬಿಡುವೆಲ್ಲಿ? ಡನ್‌ಲಪ್ಪನ ಚಿಕಿತ್ಸಾಲಯವು ಕೆಲವೇ ವರ್ಷಗಳಲ್ಲಿ ಐರ್ಲೆಂಡಿನಲ್ಲೇ ದೊಡ್ಡದೆನಿಸಿಕೊಂಡವುಗಳ ಸಾಲಿಗೆ ಸೇರಿತು. ಕಾಯಿಲೆ ಬಿದ್ದ ಪ್ರಾಣಿಗಳನ್ನು ನೋಡಲು ಅವನು ದಿನವೂ ಬಹು ದೂರ ಪ್ರಯಾಣ ಮಾಡಬೇಕಾಗುತ್ತಿತ್ತು. ಕಲ್ಲು ಹಾಸಿದ ಬೀದಿಗಳಲ್ಲಿ ಗಾಡಿಯ ಕುಲುಕಾಟವನ್ನು ಅವನ ಮೈ ಚೆನ್ನಾಗಿ ಬಲ್ಲದು. ಭಾರವನ್ನು ಎಳೆದು ದಣಿದ ಕುದುರೆಗಳ ನೋವನ್ನು ಅವನ ಕೈ ಬಲ್ಲದು. ತನ್ನ ವೃತ್ತಿಗೆ ಬೇಕಾದ ಕೆಲವು ಸಾಧನಗಳನ್ನು ರಬ್ಬರಿನಿಂದ ತಾನೇ ಮಾಡಿಕೊಳ್ಳುವ ರೂಢಿಯೂ ಅವನಿಗಿತ್ತು. ಮುಂದಿನ ಶೋಧಕ್ಕೆ ಬೇಕಾಗಿದ್ದ ಮೂರು ಸಂಗತಿಗಳು, ಎಂದರೆ ದಾರಿಯ ಅನುಭವ, ಎಳೆಯುವ ಜೀವದ ಮೇಲಣ ಕರುಣೆ ಮತ್ತು ರಬ್ಬರಿನ ಪರಿಚಯ, ಹೀಗೆ ಅವನಲ್ಲಿ ಒಟ್ಟುಗೂಡಿದ್ದವು.

ಇಲ್ಲಿ ರಬ್ಬರಿನ ವಿಷಯವಾಗಿ ಒಂದು ಮಾತನ್ನು ಹೇಳಬೇಕು. ಮರದ ಹಾಲಿನಿಂದ ದೊರೆಯುವ ಹಸಿಯ ರಬ್ಬರು ಬಿಸಿಲಿಗೆ ಅಂಟಂಟಾಗಿ, ಚಳಿಗೆ ಸೆಟೆದು ಬಿರಿಯುವಂತಹ ವಸ್ತು. ಅದಕ್ಕೆ ಗಂಧಕವನ್ನು ಬೆರೆಸಿ ಕಾಯಿಸಿದರೆ ಅದು ಗಟ್ಟಿಯೂ ಪುಟಿಯುವಂತಹದೂ ಆಗುವುದೆಂದು ಅಮೆರಿಕದ ಚಾರ್ಲ್ಸ್ ಗುಡ್‌ಇಯರ್ ಎಂಬವನು 1839ರಲ್ಲಿ ಕಂಡುಹಿಡಿದನು. ಬಡತನ, ಸಾಲ, ಸೆರೆಮನೆಗಳನ್ನು ಉಂಡ ಆ ಶೋಧಕನು 1860ರಲ್ಲಿ ತೀರಿಕೊಂಡನು. ಅವನ ಗಂಧಕದ ಪಾಕವಿಲ್ಲದಿದ್ದರೆ ಡನ್‌ಲಪ್ಪನ ಕೈಗೆ ಯೋಗ್ಯವಾದ ರಬ್ಬರು ಸಿಗುತ್ತಲೇ ಇರಲಿಲ್ಲ.

ಡನ್‌ಲಪ್ಪನ ಮಗನಿಗೆ ಆಗ ಸುಮಾರು ಹತ್ತು ವರ್ಷ. ಹುಡುಗನಿಗೆ ಒಂದು ಮೂರು ಗಾಲಿಯ ಸೈಕಲ್ಲಿತ್ತು. ಅದರ ಗಾಲಿಗಳಿಗೆ ಗಟ್ಟಿ ರಬ್ಬರಿನ ಪಟ್ಟಿಯಿತ್ತಾದರೂ ಬೆಲ್‌ಫಾಸ್ಟಿನ ಕಲ್ಲುಬೀದಿಯಲ್ಲಿ ಅದು ಎತ್ತಿ ಕುಕ್ಕುತ್ತಿತ್ತು. ಹುಡುಗನು ತಂದೆಯ ಬಳಿ ದೂರಿಕೊಂಡನು. ಇಂತಹ ದೂರನ್ನು ಎಷ್ಟೋ ಮಕ್ಕಳು ಎಷ್ಟೋ ತಂದೆಯರಲ್ಲಿ ಹೇಳಿರಬೇಕು. ಡನ್‌ಲಪ್ಪನು ಅದನ್ನು ಕೇಳಿ ಸುಮ್ಮನಾಗಲಿಲ್ಲ. ಗಾಲಿಗೂ ನೆಲಕ್ಕೂ ನಡುವೆ ಮೆತ್ತನೆಯ ವಸ್ತುವನ್ನು ಇಡಬೇಕು, ಅದು ಒತ್ತಿದರೆ ಒತ್ತಿಕೊಳ್ಳಬೇಕು, ಬಿಟ್ಟೊಡನೆ ಮೊದಲಿನಂತಾಗಬೇಕು, ಭಾರವೂ ಇರಬಾರದು. ಅಂತಹ ವಸ್ತು ಗಾಳಿಯಲ್ಲದೆ ಬೇರಾವುದು?

1887ರ ಅಕ್ಟೋಬರಿನಲ್ಲಿ ಅವನು ತನ್ನ ಪ್ರಯೋಗವನ್ನು ಮಾಡಿದನು. ತೆಳುವಾದ ರಬ್ಬರಿನ ಹಾಳೆಯನ್ನು ಅಂಟಿಸಿ ಒಂದು ಕೊಳವೆಯನ್ನು ಮಾಡಿ, ಅದನ್ನು ಮರದ ಬಿಲ್ಲೆಯೊಂದರ ಅಂಚಿಗೆ ಸುತ್ತಿ, ಮೇಲೆ ಬಟ್ಟೆಯ ಪಟ್ಟಿಯನ್ನು ಹೊದಿಸಿ ಮೊಳೆ ಹೊಡೆದನು. ಕಾಲ್ಚೆಂಡಿಗೆ ಗಾಳಿ ತುಂಬುವ ಪಂಪಿನಿಂದ ಕೊಳವೆಯನ್ನು ಉಬ್ಬಿಸಿ ಬಾಯಿ ಕಟ್ಟಿದನು. ಬಳಿಕ ಮಗನ ಸೈಕಲ್ಲಿನ ಒಂದು ಗಾಲಿಯನ್ನು ಕಳಚಿ ತಂದು, ಅದನ್ನೂ ತನ್ನ ಮರದ ಬಿಲ್ಲೆಯನ್ನೂ ಅಂಗಳದಲ್ಲಿ ಉರುಳಿಸಿ ನೋಡಿದನು. ಸೈಕಲ್ಲಿನ ಗಾಲಿಯು ಅಂಗಳದ ತುದಿಯನ್ನು ಮುಟ್ಟುವ ಮೊದಲೇ ಓಲಾಡಿ ಬಿದ್ದಿತು. ಗಾಳಿ ತುಂಬಿದ ಬಿಲ್ಲೆಯು ಅಂಗಳವನ್ನು ಪೂರ್ತಿಯಾಗಿ ದಾಟಿ, ಬಾಗಿಲಿನ ಕಂಬಕ್ಕೆ ಬಡಿದು ಹಿಂದಕ್ಕೆ ಪುಟಿಯಿತು. ಒಬ್ಬ ತಂದೆ ಮಗನ ಬೆನ್ನಿನ ನೋವನ್ನು ಕಳೆಯಲು ಹೊರಟು ಅದಕ್ಕಿಂತ ಹಿರಿದಾದ ಒಂದು ಸತ್ಯವನ್ನು ಕಂಡಿದ್ದನು. ಗಾಳಿಯ ಗಾಲಿಯು ಮೆತ್ತಗಿರುವುದಷ್ಟೇ ಅಲ್ಲ, ಅದೇ ಬಲಕ್ಕೆ ಹೆಚ್ಚು ದೂರ ಓಡುತ್ತದೆ. ಏಕೆಂದರೆ ದಾರಿಯ ಕಲ್ಲಿನ ಮೇಲೆ ಅದು ಇಡಿಯಾಗಿ ಏರುವುದಿಲ್ಲ. ಕಲ್ಲನ್ನು ತನ್ನೊಳಗೆ ಒತ್ತಿಕೊಂಡು ದಾಟುತ್ತದೆ.

ಆಮೇಲೆ ಅವನು ಸೈಕಲ್ಲಿನ ಹಿಂದಿನ ಗಾಲಿಗಳಿಗೆ ಗಾಳಿಯ ಟೈರುಗಳನ್ನು ಕಟ್ಟಿದನು. 1888ರ ಆರಂಭದ ತಿಂಗಳುಗಳಲ್ಲಿ ಒಂದು ರಾತ್ರಿ, ಬೀದಿಯಲ್ಲಿ ಜನಸಂಚಾರ ಕಡಿಮೆಯಾದ ಮೇಲೆ, ಹುಡುಗನು ಅದನ್ನೇರಿ ಬಹು ದೂರ ಹೋಗಿಬಂದನು. ಬೆಳಗಾದೊಡನೆ ತಂದೆ ಟೈರುಗಳನ್ನು ಅಂಗುಲ ಅಂಗುಲವಾಗಿ ಪರೀಕ್ಷಿಸಿದನು. ರಬ್ಬರಿನ ಮೇಲೆ ಒಂದು ಗೀರೂ ಇರಲಿಲ್ಲ. ಶೋಧಕನಿಗೆ ಇರಬೇಕಾದ ಗುಣವೇನೆಂಬುದನ್ನು ಇಲ್ಲಿ ಕಾಣಬಹುದು. ಡನ್‌ಲಪ್ಪನು ಅಂಗಳದ ಗೆಲುವಿನಿಂದ ತೃಪ್ತನಾಗಲಿಲ್ಲ. ಟೈರು ಯಾವ ಬೀದಿಗಾಗಿ ಹುಟ್ಟಿತೋ ಅದೇ ಬೀದಿಯ ಕಲ್ಲುಗಳ ಮೇಲೆ ಅದನ್ನು ಒರೆಗೆ ಹಚ್ಚಿದನು. ಅದೇ ವರ್ಷದ ಡಿಸೆಂಬರ್ 7ರಂದು ಅವನ ಶೋಧಕ್ಕೆ ಸರಕಾರದ ಪೇಟೆಂಟು, ಅಂದರೆ ಅದನ್ನು ತಯಾರಿಸುವ ಏಕಮಾತ್ರ ಹಕ್ಕು, ದೊರೆಯಿತು.

ಹೊಸದನ್ನು ಕಂಡರೆ ನಗುವುದು ಲೋಕದ ಸ್ವಭಾವ. ದಪ್ಪನೆಯ ಉಬ್ಬಿದ ಟೈರುಗಳ ಸೈಕಲ್ಲನ್ನು ಕಂಡು ಬೆಲ್‌ಫಾಸ್ಟಿನ ಜನರೂ ನಕ್ಕರು. ಆ ನಗರದ ವಿಲಿ ಹ್ಯೂಮ್ ಎಂಬ ಯುವಕನು ಸೈಕಲ್ಲು ಓಟದಲ್ಲಿ ಅಷ್ಟೇನೂ ಹೆಸರು ಮಾಡಿದವನಲ್ಲ. ಅವನು ಧೈರ್ಯಮಾಡಿ ಇಂತಹದೊಂದು ಸೈಕಲ್ಲನ್ನು ಕೊಂಡು, 1889ರ ಮೇ 18ರಂದು ಕ್ವೀನ್ಸ್ ಕಾಲೇಜಿನ ಕ್ರೀಡಾಕೂಟದಲ್ಲಿ ಓಟಕ್ಕಿಳಿದನು. ಹೆಸರಾಂತ ಓಟಗಾರರೆಲ್ಲ ಅವನ ಹಿಂದೆ ಉಳಿದರು. ನಗುತ್ತಿದ್ದವರು ಬೆರಗಾದರು. ಡಬ್ಲಿನ್ನಿನ ವ್ಯಾಪಾರಿ ಹಾರ್ವೆ ಡು ಕ್ರೋ ಎಂಬವನ ಮಕ್ಕಳು ಸೈಕಲ್ಲು ಓಟದಲ್ಲಿ ಪಳಗಿದವರು. ಈ ಹೊಸ ಟೈರಿನ ಭವಿಷ್ಯವನ್ನು ಕಂಡ ಡು ಕ್ರೋ 1889ರಲ್ಲಿಯೇ ಡನ್‌ಲಪ್ಪನೊಡನೆ ಸೇರಿ ಒಂದು ಕಂಪೆನಿಯನ್ನು ಸ್ಥಾಪಿಸಿದನು.

ಎಲ್ಲವೂ ನೆಟ್ಟಗೆ ನಡೆಯುತ್ತಿದೆ ಎನ್ನುವ ಹೊತ್ತಿಗೆ ಸಿಡಿಲಿನಂತಹ ಸುದ್ದಿಯೊಂದು ಬಂದಿತು. ಗಾಳಿ ತುಂಬಿದ ಗಾಲಿಗೆ ಪೇಟೆಂಟು ಬಹಳ ಹಿಂದೆಯೇ ಕೊಡಲ್ಪಟ್ಟಿತ್ತು! ಸ್ಕಾಟ್ಲೆಂಡಿನವನೇ ಆದ ರಾಬರ್ಟ್ ವಿಲಿಯಂ ಥಾಮ್ಸನ್ ಎಂಬ ಯಂತ್ರಶಿಲ್ಪಿಯು ತನ್ನ ಇಪ್ಪತ್ತಮೂರನೆಯ ವಯಸ್ಸಿನಲ್ಲಿ, 1845ರಲ್ಲಿ, ಆ ಹಕ್ಕನ್ನು ಪಡೆದಿದ್ದನು. ಲಂಡನ್ನಿನ ಉದ್ಯಾನವೊಂದರಲ್ಲಿ ಅಂತಹ ಗಾಲಿಗಳ ಸಾರೋಟನ್ನು ಓಡಿಸಿಯೂ ತೋರಿಸಿದ್ದನು. ಆದರೆ ಆಗ ಸೈಕಲ್ಲು ಹುಟ್ಟಿರಲಿಲ್ಲ, ಮೋಟಾರು ಹುಟ್ಟಿರಲಿಲ್ಲ, ಒಳ್ಳೆಯ ತೆಳು ರಬ್ಬರು ಸುಲಭವಾಗಿ ದೊರೆಯುತ್ತಿರಲಿಲ್ಲ. ಕಾಲ ಪಕ್ವವಾಗದೆ ಬಿತ್ತಿದ ಬೀಜದಂತೆ ಅವನ ಶೋಧವು ಮಣ್ಣಿನಲ್ಲಿಯೇ ಮಲಗಿತು. ಅನಂತರ ಥಾಮ್ಸನ್ನನು ಗಟ್ಟಿ ರಬ್ಬರಿನ ಗಾಲಿಗಳುಳ್ಳ ಹಬೆಯ ಬಂಡಿಗಳನ್ನು ನಿರ್ಮಿಸಿದನು. 1870ರ ದಶಕದ ಮೊದಲಲ್ಲಿ ಅವು ಅಂದಿನ ಭಾರತದ ಪಂಜಾಬಿನ ದಾರಿಗಳಲ್ಲಿಯೂ ಓಡಿದವು. ಥಾಮ್ಸನ್ನನು 1873ರಲ್ಲಿ ತೀರಿಕೊಂಡನು. ಹಳೆಯ ಕಡತಗಳಲ್ಲಿ ಅವನ ಹೆಸರು ದೊರೆತೊಡನೆ ಡನ್‌ಲಪ್ಪನ ಪೇಟೆಂಟು ಅಸಿಂಧುವಾಯಿತು. ಡನ್‌ಲಪ್ಪನು ಥಾಮ್ಸನ್ನನ ವಿಷಯವನ್ನು ಅರಿಯದೆ, ಸ್ವಂತ ಬುದ್ಧಿಯಿಂದಲೇ ಶೋಧವನ್ನು ಮಾಡಿದ್ದನೆಂಬುದು ನಿಜ. ಆದರೂ ಮೊದಲಿಗನ ಸ್ಥಾನ ಥಾಮ್ಸನ್ನನದು. ಕಂಡುಹಿಡಿದವನು ಒಬ್ಬ, ಜಗತ್ತಿನ ಕೈಗೆ ಕೊಟ್ಟವನು ಇನ್ನೊಬ್ಬ. ಇಬ್ಬರ ಋಣವೂ ನಮ್ಮ ಮೇಲಿದೆ.

ಪೇಟೆಂಟು ಹೋದರೂ ಕಂಪೆನಿಯು ಅಳಿಯಲಿಲ್ಲ. ಮೊದಲಿನ ಟೈರುಗಳನ್ನು ಗಾಲಿಗೆ ಅಂಟಿಸಿಬಿಡುತ್ತಿದ್ದರು. ಮುಳ್ಳು ಚುಚ್ಚಿದರೆ ಬಿಚ್ಚಿ ಸರಿಪಡಿಸಲು ಗಂಟೆಗಟ್ಟಲೆ ಹಿಡಿಯುತ್ತಿತ್ತು. ಚಾರ್ಲ್ಸ್ ಕಿಂಗ್‌ಸ್ಟನ್ ವೆಲ್ಚ್ ಎಂಬವನು 1890ರಲ್ಲಿ ಅಂಚಿನೊಳಗೆ ತಂತಿಯಿಟ್ಟ, ಬೇಕೆಂದಾಗ ಕಳಚಿ ತೊಡಿಸಬಹುದಾದ ಟೈರನ್ನು ರೂಪಿಸಿದನು. ವುಡ್ಸ್ ಎಂಬವನು ಗಾಳಿಯನ್ನು ಒಳಕ್ಕೆ ಬಿಟ್ಟು ಹೊರಕ್ಕೆ ಬಿಡದ ಸಣ್ಣ ವಾಲ್ವನ್ನು ಮಾಡಿದನು. ನಮ್ಮ ಊರುಗಳ ಸೈಕಲ್ ಷಾಪಿನಲ್ಲಿ ದೊರೆಯುವ ವಾಲ್ ಟ್ಯೂಬು ಎಂಬ ಎಳೆಯ ರಬ್ಬರಿನ ತುಂಡು ಸೇರುವುದು ಇದೇ ಬಗೆಯ ವಾಲ್ವಿಗೆ. ಇಂತಹ ಹೊಸ ಹಕ್ಕುಗಳನ್ನು ಕೊಂಡುಕೊಂಡು ಕಂಪೆನಿಯು ಬೆಳೆಯಿತು. 1895ರಲ್ಲಿ ಡನ್‌ಲಪ್ಪನು ಅದರಿಂದ ಹೊರಬಂದನು. ಮರುವರ್ಷವೇ ಆ ಕಂಪೆನಿಯು 30 ಲಕ್ಷ ಪೌಂಡುಗಳಿಗೆ ಮಾರಾಟವಾಗಿ, ಕೂಡಲೇ 50 ಲಕ್ಷ ಪೌಂಡುಗಳಿಗೆ ಮತ್ತೆ ಕೈಬದಲಾಯಿತು. ಆ ಸಂಪತ್ತಿನ ಹೊಳೆಯಲ್ಲಿ ಡನ್‌ಲಪ್ಪನ ಪಾಲಿಗೆ ಬಂದದ್ದು ಬೊಗಸೆಯಷ್ಟು ಮಾತ್ರ.

ಅವನ ಕೊನೆಯ ವರ್ಷಗಳು ಡಬ್ಲಿನ್ನಿನಲ್ಲಿ ಶಾಂತವಾಗಿ ಕಳೆದವು. ಆದರೆ ಒಂದು ಸಂಗತಿ ಅವನನ್ನು ಕಾಡಿತು. ಅವನ ಹೆಸರಿನ ಕಂಪೆನಿಯು ತನ್ನ ಜಾಹೀರಾತುಗಳಲ್ಲಿ ಅವನ ಗಡ್ಡದ ಮುಖವನ್ನು ಷೋಕಿಯ ಉಡುಪಿನ ಮೈಗೆ ಸೇರಿಸಿ ಚಿತ್ರಿಸಿತು. ಸರಳವಾಗಿ ಬಾಳಿದ ಮುದುಕನಿಗೆ ಇದು ಸಹಿಸಲಾಗದ ಅಪಮಾನವಾಗಿ ತೋರಿ, ನ್ಯಾಯಾಲಯಕ್ಕೂ ಹೋದನು. ಹೆಸರನ್ನು ಮಾರಿದವನು ಮಾನವನ್ನು ಮಾರಿರಲಿಲ್ಲ. 1921ರ ಅಕ್ಟೋಬರ್ 23ರಂದು, 81ನೆಯ ವಯಸ್ಸಿನಲ್ಲಿ ಅವನು ತೀರಿಕೊಂಡನು. ಉತ್ತರ ಐರ್ಲೆಂಡಿನ ಬ್ಯಾಂಕೊಂದು ಮುಂದೆ ಹತ್ತು ಪೌಂಡಿನ ನೋಟಿನ ಮೇಲೆ ಅವನ ಚಿತ್ರವನ್ನು ಅಚ್ಚುಹಾಕಿ ಗೌರವಿಸಿತು.

ಡನ್‌ಲಪ್ಪನು ಟೈರನ್ನು ಮಾಡಿದ್ದು ಸೈಕಲ್ಲಿಗಾಗಿ. ಅದರಿಂದ ಹೆಚ್ಚಿನ ಬಾಳು ಪಡೆದದ್ದು ಮೋಟಾರು ವಾಹನ. 1885ರಲ್ಲಿ ಜರ್ಮನಿಯ ಡೈಮ್ಲರನು ಮಾಡಿದ ಮೊದಲ ಮೋಟಾರು ಸೈಕಲ್ಲಿಗೆ ಕಬ್ಬಿಣದ ಪಟ್ಟಿಯ ಮರದ ಗಾಲಿಗಳಿದ್ದವು. 1894ರಲ್ಲಿ ಅದೇ ದೇಶದಲ್ಲಿ ಮಾರಾಟಕ್ಕೆಂದು ತಯಾರಾದ ಹಿಲ್ಡೆಬ್ರಾಂಡ್ ಮತ್ತು ವೋಲ್ಫ್‌ಮ್ಯುಲರ್ ಮೋಟಾರು ಸೈಕಲ್ಲಿಗೆ ಗಾಳಿಯ ಟೈರುಗಳು ಬಂದಿದ್ದವು. ಭಾರತದಲ್ಲಿ ಡನ್‌ಲಪ್ ಹೆಸರಿನ ಕಾರ್ಖಾನೆಯು 1936ರಲ್ಲಿ ಬಂಗಾಳದ ಸಹಾಗಂಜಿನಲ್ಲಿ ಪ್ರಾರಂಭವಾಯಿತು. 1961ರಿಂದ 1996ರವರೆಗೆ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಿಂದ ಜಾವಾ, ಯೆಜ್ಡಿ ಮೋಟಾರು ಸೈಕಲ್ಲುಗಳು ಹೊರಬಂದವು. ವಿಕ್ರಾಂತ್ ಎಂಬ ಹೆಸರಿನ ಟೈರುಗಳು ತಯಾರಾದದ್ದೂ ಮೈಸೂರಿನಲ್ಲಿಯೇ. ಮರದ ಗಾಲಿಯ ಎತ್ತಿನ ಗಾಡಿಯ ಜಾಗಕ್ಕೆ ಟೈರಿನ ಗಾಡಿಯೂ ಬಂದು, ನೊಗ ಹೊತ್ತ ಎತ್ತಿನ ಶ್ರಮವನ್ನು ಕಡಿಮೆಮಾಡಿತು. ಪಶುವೈದ್ಯನೊಬ್ಬನ ಶೋಧವು ಕೊನೆಗೆ ಪಶುವಿನ ಹೆಗಲಿಗೇ ಬಂದು ಮುಟ್ಟಿದ್ದು ಅದರ ದೊಡ್ಡ ಸಾರ್ಥಕತೆ.

ಈಗ ಚಾಮರಾಜನಗರ, ಗುಂಡ್ಲುಪೇಟೆಗಳ ಬೀದಿಗಳಲ್ಲಿ ಬೇರೊಂದು ಬಗೆಯ ವಾಹನವು ತರುಣರ ಮನಸ್ಸನ್ನು ಸೆಳೆದಿದೆ. ಅದು ಓಟದ ವಾಹನದ ರೂಪವನ್ನು ಹೋಲುವ ಸ್ಪೋರ್ಟ್ಸ್ ಬೈಕು. ಗೇರಿನ ಮೋಟಾರು ಸೈಕಲ್ಲನ್ನು ಓಡಿಸಲು ಕಾನೂನಿನ ಪ್ರಕಾರ 18 ವರ್ಷ ತುಂಬಿರಬೇಕು. ಆ ವಯಸ್ಸು ಬಂದವರು ವಾಹನದ ಬಣ್ಣವನ್ನೂ ವೇಗವನ್ನೂ ಮೆಚ್ಚುವಷ್ಟು ಅದರ ಟೈರನ್ನು ಗಮನಿಸುವುದಿಲ್ಲ. ಆದರೆ ವಿಚಾರಮಾಡಿ ನೋಡಿದರೆ, ಇಡೀ ವಾಹನದಲ್ಲಿ ನೆಲವನ್ನು ಮುಟ್ಟುವುದು ಟೈರು ಮಾತ್ರ. ಅದೂ ಒಂದೊಂದು ಟೈರು ಮುಟ್ಟುವ ಜಾಗ ಅಂಗೈಯಷ್ಟೂ ಇಲ್ಲ. ಬ್ರೇಕು ಹಿಡಿಯುವುದು, ತಿರುವಿನಲ್ಲಿ ಬಾಗುವುದು, ಬೀಳದೆ ನಿಲ್ಲುವುದು ಎಲ್ಲವೂ ಅಷ್ಟು ಜಾಗದ ಹಿಡಿತವನ್ನು ನಂಬಿವೆ. ಸವಾರನ ಪ್ರಾಣವೂ ಅದನ್ನೇ ನಂಬಿದೆ.

ಓಟದ ಕಣದಲ್ಲಿ ಬಳಸುವ ಟೈರು ಗೀರುಗಳಿಲ್ಲದೆ ನುಣ್ಣಗಿರುತ್ತದೆ. ಅದರ ರಬ್ಬರು ಬಹಳ ಮೃದು. ಒಣಗಿದ ಕಣದಲ್ಲಿ, ಚೆನ್ನಾಗಿ ಕಾಯ್ದಾಗ, ಅದರ ಹಿಡಿತಕ್ಕೆ ಸಾಟಿಯಿಲ್ಲ. ಆದರೆ ಊರಿನ ದಾರಿಯಲ್ಲಿ ಅದು ಬೇಕಾದಷ್ಟು ಕಾಯುವುದೇ ಇಲ್ಲ. ಕಾಯದ ಓಟದ ಟೈರು ಜಾರುತ್ತದೆ. ಮಳೆ ಬಂದರೆ ನೀರು ಹರಿದುಹೋಗಲು ಗೀರುಗಳಿಲ್ಲದೆ ಅದು ನೀರಿನ ಮೇಲೆಯೇ ತೇಲುತ್ತದೆ. ಬೀದಿಯ ಟೈರಿನ ಗೀರುಗಳು ಅಲಂಕಾರಕ್ಕಲ್ಲ, ಅಡಿಯಲ್ಲಿ ಸಿಕ್ಕ ನೀರನ್ನು ಹೊರಗೆಸೆಯುವ ಕಾಲುವೆಗಳು. ಇನ್ನು ರಬ್ಬರಿನ ವಿಷಯ: ಮೃದುವಾದದ್ದು ಹಿಡಿಯುತ್ತದೆ, ಬೇಗ ಸವೆಯುತ್ತದೆ, ಗಡುಸಾದದ್ದು ಬಾಳುತ್ತದೆ, ಹಿಡಿತ ಕಡಿಮೆ. ಆದುದರಿಂದ ಕೆಲವು ಟೈರುಗಳಲ್ಲಿ ನೇರ ಓಟದಲ್ಲಿ ಸವೆಯುವ ನಡುಭಾಗಕ್ಕೆ ಗಡುಸಾದ ರಬ್ಬರನ್ನೂ, ತಿರುವಿನಲ್ಲಿ ನೆಲವನ್ನು ಹಿಡಿಯುವ ಅಂಚುಗಳಿಗೆ ಮೃದುವಾದ ರಬ್ಬರನ್ನೂ ಇಡುತ್ತಾರೆ.

ಗುಂಡ್ಲುಪೇಟೆಯ ಸೀಮೆಯ ದಾರಿಗಳು ಓಟದ ಕಣಗಳಲ್ಲ. ಸುಗ್ಗಿಯಲ್ಲಿ ರೈತರು ಹುರುಳಿ, ರಾಗಿಗಳನ್ನು ಒಕ್ಕಣೆಗಾಗಿ ದಾರಿಯ ಮೇಲೆ ಹರಡುತ್ತಾರೆ. ಆ ಹುಲ್ಲಿನ ಮೇಲೆ ಗಾಲಿ ಜಾರುತ್ತದೆ. ಹೊಲದಿಂದ ಬಂದ ಟ್ರ್ಯಾಕ್ಟರಿನ ಮಣ್ಣು ಹೆಪ್ಪುಗಟ್ಟಿರುತ್ತದೆ. ಬೇಸಿಗೆಯ ಧೂಳೂ ವಾಹನಗಳ ಎಣ್ಣೆಯೂ ಮೊದಲ ಮಳೆಯ ಹನಿಗೆ ಕಲೆತು ದಾರಿಯು ಸಾಬೂನಿನಂತಾಗುತ್ತದೆ. ಬಂಡೀಪುರದ ಕಾಡಿನಲ್ಲಿ ಜಿಂಕೆಯೋ ಆನೆಯೋ ಯಾವ ಕ್ಷಣದಲ್ಲಿ ಅಡ್ಡ ಬಂದೀತೆಂದು ಹೇಳಲಾಗದು. ವನ್ಯಪ್ರಾಣಿಗಳ ರಕ್ಷಣೆಗಾಗಿಯೇ ಆ ದಾರಿಯಲ್ಲಿ 2009ರಿಂದ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಸಾಮಾನ್ಯ ವಾಹನಗಳ ಸಂಚಾರವನ್ನು ನಿಲ್ಲಿಸಲಾಗಿದೆ. ಇಂತಹ ದಾರಿಗೆ ಬೇಕಾದದ್ದು ಒದ್ದೆಯಲ್ಲಿಯೂ ತಣ್ಣಗಿದ್ದಾಗಲೂ ಹಿಡಿಯುವ, ಗೀರುಗಳುಳ್ಳ ಬೀದಿಯ ಟೈರೇ ಹೊರತು ಕಣದ ಟೈರಲ್ಲ.

ಟೈರಿನ ಪಕ್ಕೆಯ ಮೇಲಿನ ಬರಹವನ್ನು ಓದಲು ಕಲಿತವನು ಅಂಗಡಿಯಲ್ಲಿ ಮೋಸಹೋಗುವುದಿಲ್ಲ. 140/70 ಆರ್ 17, 66 ಎಚ್ ಎಂಬ ಬರಹವನ್ನು ಉದಾಹರಣೆಗೆ ನೋಡಬಹುದು. 140 ಎಂದರೆ ಟೈರಿನ ಅಗಲ, ಮಿಲಿಮೀಟರುಗಳಲ್ಲಿ. 70 ಎಂದರೆ ಪಕ್ಕೆಯ ಎತ್ತರವು ಅಗಲದ ನೂರಕ್ಕೆ ಎಪ್ಪತ್ತು ಭಾಗ, ಎಂದರೆ 98 ಮಿಲಿಮೀಟರು. ಆರ್ ಎಂಬುದು ರೇಡಿಯಲ್ ರಚನೆಯ ಗುರುತು. ಅದರ ಒಳಗಿನ ದಾರಗಳು ಒಂದಂಚಿನಿಂದ ಇನ್ನೊಂದಂಚಿಗೆ ಅಡ್ಡಲಾಗಿ ಹಾದಿರುತ್ತವೆ. 17 ಎಂಬುದು ಅದು ಕೂರುವ ರಿಮ್ಮಿನ ವ್ಯಾಸ, ಅಂಗುಲಗಳಲ್ಲಿ. 66 ಎಂಬ ಸಂಖ್ಯೆಯು 300 ಕಿಲೋಗ್ರಾಂ ಭಾರವನ್ನೂ, ಎಚ್ ಎಂಬ ಅಕ್ಷರವು ಗಂಟೆಗೆ 210 ಕಿಲೋಮೀಟರು ವೇಗವನ್ನೂ ಸೂಚಿಸುತ್ತವೆ. ಇವು ಟೈರು ತಾಳಬಲ್ಲ ಮಿತಿಗಳು. ಸವಾರನು ಮುಟ್ಟಬೇಕಾದ ಗುರಿಗಳಲ್ಲ. ಬೇರೊಂದು ಕಡೆ ನಾಲ್ಕು ಅಂಕಿಗಳಿರುತ್ತವೆ. 2324 ಎಂದಿದ್ದರೆ ಅದು 2024ನೆಯ ಇಸವಿಯ 23ನೆಯ ವಾರದಲ್ಲಿ ತಯಾರಾದ ಟೈರು. ವರ್ಷಗಟ್ಟಲೆ ಅಂಗಡಿಯಲ್ಲಿ ಬಿದ್ದ ರಬ್ಬರು ಬಿರುಸಾಗಿ ಹಿಡಿತವನ್ನು ಕಳೆದುಕೊಂಡಿರುತ್ತದೆ. ಐ.ಎಸ್.ಐ. ಗುರುತನ್ನೂ, ಗಾಲಿ ತಿರುಗಬೇಕಾದ ದಿಕ್ಕನ್ನು ತೋರಿಸುವ ಬಾಣದ ಗುರುತನ್ನೂ ನೋಡಿಕೊಳ್ಳಬೇಕು.

ನೋಟಕ್ಕೆ ಚೆನ್ನಾಗಿದೆಯೆಂದು ತಯಾರಕರು ಹೇಳಿದ್ದಕ್ಕಿಂತ ಅಗಲವಾದ ಟೈರನ್ನು ಹಾಕಿಸುವವರೂ ಉಂಟು. ಕಿರಿದಾದ ರಿಮ್ಮಿನಲ್ಲಿ ಅಗಲದ ಟೈರು ಹಿಂಡಿದಂತಾಗಿ ಅದರ ದುಂಡು ಕೆಡುತ್ತದೆ. ವಾಹನವು ತಿರುವಿಗೆ ಹಗುರವಾಗಿ ಬಾಗುವುದಿಲ್ಲ. ಹೊಸ ಟೈರಿನ ಮೇಲ್ಮೈ ನುಣುಪಾಗಿರುವುದರಿಂದ ಮೊದಲ ದಿನಗಳಲ್ಲಿ ನಿಧಾನವಾಗಿಯೇ ಸಾಗಬೇಕು. ಗೀರುಗಳ ತಳದಲ್ಲಿರುವ ಸಣ್ಣ ದಿಂಡುಗಳ ಮಟ್ಟಕ್ಕೆ ಟೈರು ಸವೆದರೆ ಅದನ್ನು ಬದಲಾಯಿಸಲೇಬೇಕು. ಇವೆಲ್ಲಕ್ಕಿಂತ ಮುಖ್ಯವಾದದ್ದು ಗಾಳಿ. ವಾಹನವು ಓಡಿ ಬಿಸಿಯಾಗುವ ಮೊದಲೇ ಗಾಳಿಯ ಒತ್ತಡವನ್ನು ಅಳತೆಮಾಡಿಸಿ, ತಯಾರಕರು ಹೇಳಿದಷ್ಟನ್ನು ತುಂಬಿಸಬೇಕು. ಎಷ್ಟೇ ಬೆಲೆಯ ಟೈರಾದರೂ ಗಾಳಿ ಕಡಿಮೆಯಾದರೆ ಹೊಯ್ದಾಡುತ್ತದೆ. ಹೆಚ್ಚಾದರೆ ನೆಲವನ್ನು ಮುಟ್ಟುವ ಜಾಗವು ಕುಗ್ಗುತ್ತದೆ.

ಡನ್‌ಲಪ್ಪನ ಜೀವನವು ಕಲಿಸುವ ಪಾಠವೂ ಇದರಲ್ಲಿಯೇ ಅಡಗಿದೆ. ಅವನ ಟೈರಿಗೆ ಕೀರ್ತಿ ತಂದದ್ದು ಓಟದ ಪಂದ್ಯ ನಿಜ. ಅದು ಹುಟ್ಟಿದ್ದು ಮಾತ್ರ ಓಟಕ್ಕಾಗಿ ಅಲ್ಲ. ಒರಟು ಬೀದಿಯಲ್ಲಿ ಒಬ್ಬ ಹುಡುಗನ ಮೈ ನೋಯಬಾರದು ಎಂಬುದಕ್ಕಾಗಿ ಅದು ಹುಟ್ಟಿತು. ಪಂದ್ಯವು ಟೈರಿನ ಪರೀಕ್ಷೆಯಾದರೆ ಪ್ರಯಾಣಿಕನ ಕ್ಷೇಮವು ಅದರ ಉದ್ದೇಶ. ಈ ಭೇದವನ್ನು ಅರಿತು ತನ್ನ ದಾರಿಗೆ ತಕ್ಕ ಟೈರನ್ನು ಆರಿಸಿಕೊಂಡು, ಆ ದಾರಿಗೆ ತಕ್ಕ ವೇಗದಲ್ಲಿ ಸಾಗುವ ಸವಾರನು ತಾನೂ ಸುಖವಾಗಿ ಮನೆ ಸೇರುತ್ತಾನೆ. ದಾರಿಯಲ್ಲಿ ಎದುರಾದ ಮಗುವನ್ನೂ ದನವನ್ನೂ ಜಿಂಕೆಯನ್ನೂ ಅವರವರ ನೆಲೆಗೆ ಸುಖವಾಗಿ ಹೋಗಗೊಡುತ್ತಾನೆ.